ಕಾಲುಸಂಕ ದಾಟದ ಸಿಲಬಸ್ಸು

ಒಂದಕ್ಕೆ ಹನ್ನೆರಡು. ಗಾಲಿಕುರ್ಚಿಗೆ ರ‍್ಯಾಂಪ್ ಕಟ್ಟುವುದನ್ನು ಓದುವವರು ಮೊದಲು ಕಲಿಯುವ ಲೆಕ್ಕ ಇದು. ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಕೇಳುತ್ತಾರೆ, ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಈಗ ಅದೇ ಲೆಕ್ಕ ಹಿಡಿದುಕೊಂಡು ದೇವಿಮನೆ ಘಟ್ಟದ ಬುಡದ ಒಂದು ಮನೆಗೆ ಬನ್ನಿ. ಮಳೆನೀರು ಒಳಗೆ ನುಗ್ಗಬಾರದು ಅಂತ ಜಗುಲಿಯನ್ನು ಮೂರು ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ಅಂದರೆ ಮೂವತ್ತಾರು ಅಡಿ ರ‍್ಯಾಂಪ್ ಆಯಿತು. ಅಂಗಳ ಇರುವುದೇ ಅದರ ಅರ್ಧ. ಅಂಗಳ ಮುಗಿದ ಕೂಡಲೇ ಗುಡ್ಡದ ಇಳುಕಲು. ಕೆಳಗೆ ಹಳ್ಳ. ಹಳ್ಳದ ಮೇಲೆ ಅಡಿಕೆ ಮರ ಜೋಡಿಸಿ ಹಾಕಿದ ಕಾಲುಸಂಕ. ಸಂಕದ ಆಚೆ ರಸ್ತೆ.

ರ‍್ಯಾಂಪ್ ಹೇಗೋ ಕಟ್ಟಿದಿರಿ ಅಂತಲೇ ಇಟ್ಟುಕೊಳ್ಳಿ. ಗಾಲಿಕುರ್ಚಿ ಅಲ್ಲಿಂದ ಎಲ್ಲಿಗೆ ಹೋಗಬೇಕು?

ನಾನು ಸಮಾಜಕಾರ್ಯ ಕಲಿಸುವವಳು. ಊರು ಶಿರಸಿ ಕಡೆ, ಕೆಲಸ ಕರಾವಳಿಯಲ್ಲಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂಥ ಮನೆಗಳಿಗೆ ಹೋಗುವುದು ನನ್ನ ಕೆಲಸದ ಭಾಗ. ಹೋದಾಗೆಲ್ಲ ತಲೆಗೆ ಬರುವುದು ಒಂದೇ. ಅಂಗವಿಕಲತೆ ಮತ್ತು ಪುನರ್ವಸತಿಯ ಒಂದು ಡಿಗ್ರಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ನೆಲದ ಮೇಲೇ ರೂಪುಗೊಂಡರೆ ಅದು ಹೇಗಿರಬೇಕು? ಅದರಲ್ಲಿ ಯಾರು ಪಾಠ ಹೇಳಬೇಕು?

ಇದು ಸುಮ್ನೆ ನನ್ನೊಬ್ಬಳ ಆಸೆ ಅಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಅಂತ ಇದೆಯಲ್ಲ, ಅದರ 47ನೇ ಕಲಂ ತೆಗೆದು ನೋಡಿ. ಎಲ್ಲ ವಿಶ್ವವಿದ್ಯಾಲಯಗಳೂ ಅಂಗವಿಕಲತೆ ಅಧ್ಯಯನದ ಬೋಧನೆ, ಸಂಶೋಧನೆಗೆ ಒತ್ತು ಕೊಡಬೇಕು, ಅಧ್ಯಯನ ಕೇಂದ್ರಗಳನ್ನೂ ತೆರೆಯಬೇಕು ಅಂತ ಅಲ್ಲಿ ಬರೆದಿದೆ. ಡಾಕ್ಟರು, ನರ್ಸು, ಆಶಾ, ಅಂಗನವಾಡಿ ಕಾರ್ಯಕರ್ತೆ, ಎಂಜಿನಿಯರು, ಆರ್ಕಿಟೆಕ್ಟು, ಹೀಗೆ ಎಲ್ಲರ ಓದಿನಲ್ಲೂ ಈ ವಿಷಯ ಇರಬೇಕು ಅಂತಲೂ ಇದೆ. ಹಿಂದೆ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, ಈಗ 21. ಸರ್ಕಾರಿ ನೌಕರಿಯಲ್ಲಿ 4%, ಉನ್ನತ ಶಿಕ್ಷಣದಲ್ಲಿ 5% ಮೀಸಲಾತಿ. ಇವೆಲ್ಲ ಜನರಿಗೆ ಗೊತ್ತು, ಕೇಳುತ್ತಾರೆ, ಜಗಳವನ್ನೂ ಆಡುತ್ತಾರೆ. 47ನೇ ಕಲಮಿನ ಸುದ್ದಿ ಎತ್ತಿದವರನ್ನು ನಾನಂತೂ ಹೆಚ್ಚು ನೋಡಿಲ್ಲ.

ನಾನು ಎಂ.ಎಸ್.ಡಬ್ಲ್ಯು. ಓದಿದ ಕಡೆ ಈ ಇಡೀ ವಿಷಯ ಒಂದು ಪೇಪರಿನ ಒಂದು ಯೂನಿಟ್ಟಿನಲ್ಲಿ ಮುಗಿದಿತ್ತು. ವೃದ್ಧರು, ವ್ಯಸನಿಗಳು, ಅಂಗವಿಕಲರು ಎಲ್ಲರೂ 'ದುರ್ಬಲ ವರ್ಗಗಳು' ಅನ್ನುವ ಒಂದೇ ತಲೆಬರಹದ ಕೆಳಗೆ. ಮೇಷ್ಟ್ರು ಒಂದು ವಾರದಲ್ಲಿ ಮುಗಿಸಿದರು.

ವಿಶ್ವವಿದ್ಯಾಲಯಗಳಿಗೆ ಈ ವಿದ್ಯೆ ಎರಡು ಬಾಗಿಲಿನಿಂದ ಬಂತು. ಒಂದು ಹೋರಾಟದ ಬಾಗಿಲು. 1976ರಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರೇ ಕಟ್ಟಿಕೊಂಡ ಒಂದು ಸಂಘಟನೆ ಹೇಳಿತು: ಕಾಲಿಗೆ ಶಕ್ತಿ ಇಲ್ಲದಿರುವುದು ಬೇರೆ, ಬಸ್ಸಿಗೆ ಹತ್ತಲಾಗದಿರುವುದು ಬೇರೆ, ಎರಡನೆಯದನ್ನು ಮಾಡಿದ್ದು ಸಮಾಜ. 1983ರಲ್ಲಿ ಮೈಕ್ ಆಲಿವರ್ ಈ ಯೋಚನೆಗೆ ಸಾಮಾಜಿಕ ಮಾದರಿ ಅಂತ ಹೆಸರಿಟ್ಟರು. ಆ ಸಂಘಟನೆಯಲ್ಲಿದ್ದ ವಿಕ್ ಫಿಂಕೆಲ್‌ಸ್ಟೈನ್ ದಕ್ಷಿಣ ಆಫ್ರಿಕಾದವರು. ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದರು. ವರ್ಣಭೇದದ ವಿರುದ್ಧ ಹೋರಾಡಿ ಜೈಲು ಕಂಡು, ಆಮೇಲೆ ಬ್ರಿಟನ್ನಿಗೆ ಬಂದವರು. 1975ರಲ್ಲಿ ಅಲ್ಲಿನ ಓಪನ್ ಯೂನಿವರ್ಸಿಟಿ ಈ ವಿಷಯದ ಕೋರ್ಸ್ ಶುರು ಮಾಡಿದಾಗ ಪಾಠ ಕಟ್ಟಿದವರಲ್ಲಿ ಅವರೂ ಒಬ್ಬರು. ಬದುಕಿ ನೋಡಿದವರೇ ಪಾಠ ಬರೆದರು ಅನ್ನುವುದು ನನಗೆ ಮುಖ್ಯ ಅನಿಸುತ್ತದೆ.

ಇನ್ನೊಂದು ಆಸ್ಪತ್ರೆಯ ಬಾಗಿಲು. 1978ರಲ್ಲಿ ಆಲ್ಮಾ ಆಟಾ ಘೋಷಣೆ ಬಂತು, ಎಲ್ಲರಿಗೂ ಆರೋಗ್ಯ ಅಂತ. ಅದರ ಬೆನ್ನಿಗೇ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯನ್ನು, ಅಂದರೆ ಸಿ.ಬಿ.ಆರ್. ಅನ್ನು, ಮುಂದಿಟ್ಟಿತು. ತಜ್ಞರು ಊರೂರಿಗೆ ಬರುವುದು ಆಗದ ಮಾತು, ಹಾಗಾಗಿ ಮನೆಯವರಿಗೂ ಊರಿನವರಿಗೂ ಸರಳ ವಿದ್ಯೆ ಕಲಿಸೋಣ ಎಂಬ ಲೆಕ್ಕ. 1989ರಲ್ಲಿ ಅದಕ್ಕೊಂದು ಕೈಪಿಡಿ ಬಂತು. 2010ರ ಮಾರ್ಗಸೂಚಿಯ ಹೊತ್ತಿಗೆ ಅದು ದೊಡ್ಡದಾಯಿತು. ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಅಂತ 5 ಕಂಬ. ಒಂದೊಂದರ ಕೆಳಗೂ 5 ಚೌಕ. ಒಟ್ಟು 25. ಸಿ.ಬಿ.ಆರ್. ಓದಿದವರಿಗೆಲ್ಲ ಈ ಪಟ್ಟಿ ಬಾಯಿಪಾಠ.

ಮೊದಲನೇ ಬಾಗಿಲಿನಿಂದ ಬಂದವರು ಥಿಯರಿ ಓದುತ್ತಾರೆ. ಎರಡನೇ ಬಾಗಿಲಿನವರು ಥೆರಪಿ ಕಲಿಯುತ್ತಾರೆ. ಇವರ ಪುಸ್ತಕ ಅವರು ಮುಟ್ಟುವುದಿಲ್ಲ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಂಥ ಕೆಲವೇ ಕಡೆ ಸಮಾಜಕಾರ್ಯದ ಜೊತೆ ಅಂಗವಿಕಲತೆ ಅಧ್ಯಯನವನ್ನು ಸೇರಿಸಿ ಕಲಿಸಿದ್ದಾರೆ. ಆದರೆ ಹಳ್ಳಿ ಮನೆಯ ಜಗುಲಿ ಹತ್ತಿದ ಮೇಲೆ ಎರಡೂ ಒಟ್ಟಿಗೇ ಬೇಕಾಗುತ್ತವೆ.

ಘಟ್ಟದ ಬುಡದ ಆ ಮನೆಯವರು ಕೊನೆಗೌಡರಾಗಿದ್ದವರು. ಬೇರೆ ಕಡೆಯ ಓದುಗರಿಗೆ ಹೇಳುತ್ತೇನೆ, ಅಡಿಕೆ ಮರ ಹತ್ತಿ ಕೊನೆ ಇಳಿಸುವವರು ಅವರು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರೂ ಅವರೇ. ಪಾಚಿ ಕಟ್ಟಿ ಜಾರುವ ಮರ. ಒಂದು ಮರದ ತುದಿಯಲ್ಲಿದ್ದುಕೊಂಡೇ ಅದನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಕೈ ತಪ್ಪಿದರೆ ಕೆಳಗೆ ಕಲ್ಲು ನೆಲ. ಜೀವ ಉಳಿದರೂ ಬೆನ್ನುಹುರಿ ಉಳಿಯುವುದು ಕಷ್ಟ. ಈಗ ಫೈಬರ್ ದೋಟಿ ಬಂದು ಮರ ಹತ್ತುವುದು ಸ್ವಲ್ಪ ಕಡಿಮೆಯಾಗಿದೆ. ಬಿದ್ದವರು ಬಿದ್ದಾಗಿದೆ.

ಹಾಗೆ ಬಿದ್ದ ಇವರಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮೊದಲ ಸಲ ಹೋದಾಗ ನನ್ನ ವಿದ್ಯಾರ್ಥಿಗಳು ಪಟ್ಟಿ ಹಿಡಿದು ಪ್ರಶ್ನೆ ಕೇಳಿದರು. ನೀರು ಸರಿಯಾಗಿ ಕುಡಿಯುತ್ತೀರಾ? ಹೌದು ಅಂದರು. ಹುಡುಗ ಟಿಕ್ ಹಾಕಿದ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಎಲ್ಲರೂ ವಿ.ಆರ್.ಡಬ್ಲ್ಯು. ಅನ್ನುತ್ತಾರೆ, ಅಲ್ಲೇ ಜಗುಲಿಯ ತುದಿಯಲ್ಲಿ ಕೂತಿದ್ದಳು. ಅವಳು ಕೇಳಿದ್ದು ಬೇರೆ.

"ಅಣ್ಣಾ, ಸಂಜೆ ಮೇಲೆ ಎಷ್ಟು ಚೊಂಬು?"

ಅವರು ಮಾತಾಡಲಿಲ್ಲ. ಹೆಂಡತಿ ಒಳಗಿನಿಂದಲೇ ಹೇಳಿದರು, "ಎಲ್ಲಿ ಕುಡೀತಾರೆ ತಂಗಿ, ಮಧ್ಯಾಹ್ನ ಊಟಕ್ಕೆ ಕುಡಿದ್ರೆ ಮುಗೀತು."

ರಾತ್ರಿ ಹೆಂಡತಿಯನ್ನು ಎಬ್ಬಿಸಬೇಕಾಗುತ್ತದೆ ಅಂತ ಅವರು ನೀರೇ ಬಿಟ್ಟಿದ್ದರು. ನೀರು ಕಡಿಮೆಯಾಗಿ ಮೂತ್ರದ ಸೋಂಕು. ಸೋಂಕಿಗೆ ಜ್ವರ. ಜ್ವರಕ್ಕೆ ಕುಮಟಾ ಆಸ್ಪತ್ರೆ. ಆಸ್ಪತ್ರೆಗೆ ಹೋಗಲು ನಾಲ್ಕು ಜನ ಅವರನ್ನು ಕುರ್ಚಿಯಲ್ಲಿ ಕೂರಿಸಿ ಸಂಕ ದಾಟಿಸಬೇಕು. ನಮ್ಮ ಹುಡುಗನ ಟಿಕ್ ಮಾರ್ಕಿನ ಹಿಂದೆ ಇಷ್ಟೆಲ್ಲ ಇತ್ತು.

ಹಾಸಿಗೆ ಹುಣ್ಣಿನ ಪಾಠದಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಅಂತ ಬರುತ್ತದೆ. ಸರಿಯಾದ ಮಾತೇ. ಆ ಮನೆಯಲ್ಲಿ ಅದನ್ನು ಮಾಡುವವರು ಅವರ ಹೆಂಡತಿ. ಮೊಬೈಲಿನಲ್ಲಿ ಅಲಾರಂ ಇಟ್ಟು ಏಳುತ್ತಾರೆ. ಬೆಳಗ್ಗೆ ಒಂದು ಸಣ್ಣ ಕನ್ನಡಿ ಹಿಡಿದು ಗಂಡನ ಬೆನ್ನ ಬುಡ, ಹಿಮ್ಮಡಿ ಎಲ್ಲ ನೋಡುತ್ತಾರೆ, ಎಲ್ಲಾದರೂ ಕೆಂಪಗಾಗಿದೆಯಾ ಅಂತ. ಆಮೇಲೆ ಕೂಲಿಗೆ ಹೋಗುತ್ತಾರೆ. "ಹುಣ್ಣು ಒಣಗ್ತಾ ಬಂತು ಅಕ್ಕೋರೇ" ಅಂದರು ನನಗೆ, ನಗುತ್ತಲೇ. ನಮ್ಮ ರಿಪೋರ್ಟಿನಲ್ಲಿ ಇದನ್ನು 'ಕುಟುಂಬದ ಸಹಕಾರ: ಉತ್ತಮ' ಅಂತ ಬರೆಯುತ್ತೇವೆ. ಸಮುದಾಯ ಅಂದಾಗ ಹೆಚ್ಚಿನ ಕಡೆ ಅದು ಒಬ್ಬ ಹೆಂಗಸು, ಅಲ್ವಾ? ಆ 25 ಚೌಕಗಳಲ್ಲಿ ಅವರ ನಿದ್ದೆಗೆ ಜಾಗ ಎಲ್ಲಿದೆ ಅಂತ ನಾನು ತರಗತಿಯಲ್ಲಿ ಕೇಳುತ್ತೇನೆ. ಹುಡುಗಿಯರು ಬೇಗ ಉತ್ತರ ಹೇಳುತ್ತಾರೆ, ಹುಡುಗರು ತಡವಾಗಿ.

ಆ ಕೊನೆಗೌಡರಿಗೆ ಅಡಿಕೆ ಸುಲಿಯುವ ಕೆಲಸ ಮಾಡಬೇಕು ಅಂತ ಇತ್ತು. ಕೂತು ಮಾಡುವ ಕೆಲಸ, ಸುಗ್ಗಿಯಲ್ಲಿ ಮನೆಗೇ ತಂದು ಹಾಕುತ್ತಾರೆ. ಆದರೆ ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಿಂದ ಅದುಮಿ ಹಿಡಿಯಬೇಕಲ್ಲ. ಪಕ್ಕದ ಕೇರಿಯ ಬಡಗಿ ಒಂದು ದಪ್ಪ ಹಲಗೆಗೆ ಕತ್ತಿಯನ್ನು ಬೋಲ್ಟ್ ಹಾಕಿ ಬಿಗಿದುಕೊಟ್ಟ. ಆ ಹಲಗೆ ಗಾಲಿಕುರ್ಚಿಯ ಎರಡು ಕೈಗಳ ಮೇಲೆ ಕೂರುತ್ತದೆ. ಎಲ್ಲರಿಗೂ ಖುಷಿ. ಹಳ್ಳಿಯ ಬುದ್ಧಿ ಅಂದರೆ ಇದು ಅಂತ ನಮ್ಮ ಹುಡುಗರು ಫೋಟೋ ಹೊಡೆದರು.

ಪುನರ್ವಸತಿ ಡಿಪ್ಲೊಮಾ ಮಾಡಿದ ಒಬ್ಬಳು ಆವತ್ತು ನಮ್ಮ ಜೊತೆಗಿದ್ದಳು. ಅವಳು ಫೋಟೋ ತೆಗೆಯಲಿಲ್ಲ. ಬಗ್ಗಿ ಹಲಗೆಯ ಕೆಳಗೆ ನೋಡಿದಳು. ಬೋಲ್ಟಿನ ತುದಿ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು, ನೇರವಾಗಿ ತೊಡೆಯ ಮೇಲೆ. ಅದು ಕೊರೆದರೂ ಅವರಿಗೆ ನೋವು ಗೊತ್ತಾಗುವುದಿಲ್ಲ. ಸುಲಿಯುವಾಗ ಕತ್ತಿ ಜಾರಿ ಕಾಲಿಗೆ ಬಿದ್ದರೂ ಅಷ್ಟೇ, ಪಂಚೆ ಒದ್ದೆಯಾದ ಮೇಲೆ ರಕ್ತ ಕಾಣುತ್ತದೆ. ಬೋಲ್ಟ್ ತುದಿ ಕತ್ತರಿಸಿ, ಕೆಳಗೆ ರಬ್ಬರ್ ಹೊಡೆದು, ಮುಂಭಾಗಕ್ಕೆ ಒಂದು ಪಟ್ಟಿ ಎತ್ತರಿಸಿಕೊಟ್ಟ ಮೇಲೆಯೇ ಕೆಲಸ ಶುರುವಾಯಿತು. ಊರಿನ ಜಾಣತನ ಇದ್ದರೆ ಸಾಕು, ಓದು ಯಾಕೆ ಅನ್ನುವವರಿಗೆ ನಾನು ಈ ಬೋಲ್ಟಿನ ಕಥೆ ಹೇಳುತ್ತೇನೆ. ಓದಿದ್ದರೆ ಸಾಕು ಅನ್ನುವವರಿಗೆ ಚೊಂಬಿನ ಕಥೆ.

ಆ ಕಾರ್ಯಕರ್ತೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಇಂಥ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರೂ ಅಂಗವಿಕಲರೇ. ಸಂಬಳ ಅಲ್ಲ, ಗೌರವಧನ. ಇವಳಿಗೆ ಪೋಲಿಯೋದಿಂದ ಒಂದು ಕಾಲು ಸೋತಿದೆ. ಮೂರು ಚಕ್ರದ ಸ್ಕೂಟರ್ ರಸ್ತೆಯವರೆಗೆ ಬರುತ್ತದೆ. ಅಲ್ಲಿಂದ ಊರುಗೋಲು. ಸಂಕದ ಮೇಲೆ ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಪಕ್ಕಕ್ಕೆ ಕಟ್ಟಿದ ಬಿದಿರು. ಆಷಾಢದಲ್ಲೂ ಬರುತ್ತಾಳೆ. ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ, ಯಾವ ಕಾಗದ ಬೇಕು, ವೈದ್ಯಕೀಯ ತಪಾಸಣೆ ಯಾವ ದಿನ, ಪಂಚಾಯಿತಿಯ ಸ್ವಂತ ಆದಾಯದಲ್ಲಿ ಅಂಗವಿಕಲರಿಗೆ ಇಡಬೇಕಾದ 5% ಈ ವರ್ಷ ಎಲ್ಲಿ ಹೋಯಿತು, ಎಲ್ಲ ಅವಳಿಗೆ ಗೊತ್ತು. ಆ ಸಂಕದ ಜಾಗಕ್ಕೆ ಕಾಂಕ್ರೀಟ್ ಕಾಲುಸೇತುವೆ ಬೇಕು ಅಂತ ಅರ್ಜಿ ಬರೆಸಿದ್ದೂ ಅವಳೇ. ಅರ್ಜಿ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗಿದೆ.

ಅವಳು ಓದಿದ್ದು ಪಿ.ಯು.ಸಿ. ನನ್ನ ವಿದ್ಯಾರ್ಥಿಗಳಿಗೆ ಫೀಲ್ಡಿನಲ್ಲಿ ನಿಜವಾಗಿ ಪಾಠ ಹೇಳುವವಳು ಅವಳು. ಆದರೆ ಹಾಜರಾತಿಗೆ ಸಹಿ ಹಾಕುವವಳು ನಾನು, ಸಂಬಳವೂ ನನಗೇ.

2022ರಲ್ಲಿ ಯು.ಜಿ.ಸಿ. ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ಮಾರ್ಗಸೂಚಿ ತಂದಿತು. ತಮ್ಮ ಕೆಲಸದಲ್ಲಿ ಕನಿಷ್ಠ 15 ವರ್ಷದ ಅನುಭವ ಇರುವವರನ್ನು ವಿಶ್ವವಿದ್ಯಾಲಯಗಳು ಪಾಠಕ್ಕೆ ಕರೆಯಬಹುದು, ಪಿಎಚ್.ಡಿ., ನೆಟ್ ಅಂತ ಕೇಳಬೇಕಾಗಿಲ್ಲ. ಒಳ್ಳೆಯದೇ. ಆದರೆ ಅನುಭವ 'ಮೇಲಿನ ಹುದ್ದೆಯಲ್ಲಿ' ಇದ್ದರೆ ಉತ್ತಮ ಅಂತ ಅದೇ ಕಾಗದದಲ್ಲಿ ಒಂದು ಬಾಲ ಇದೆ. ಬಾಲ ನೋಡಿದ ಕೂಡಲೇ ಎಲ್ಲರಿಗೂ ನೆನಪಾಗುವುದು ನಿವೃತ್ತ ಮ್ಯಾನೇಜರು, ಕಂಪನಿ ಡೈರೆಕ್ಟರು. ವರ್ಷಗಟ್ಟಲೆ ಊರುಗೋಲಿನಲ್ಲಿ ಸಂಕ ದಾಟಿದವಳ ಅನುಭವಕ್ಕೆ ಹುದ್ದೆ ಯಾವುದು? ನಮ್ಮಲ್ಲಿ ಈ ಡಿಗ್ರಿ ಶುರುವಾದರೆ ಮೊದಲ ನೇಮಕ ಇಂಥವರದ್ದಾಗಬೇಕು. ಅತಿಥಿ ಉಪನ್ಯಾಸ, ಶಾಲು, ನೆನಪಿನ ಕಾಣಿಕೆ ಅಲ್ಲ. ಮಾರ್ಕು ಕೊಡುವ ಅಧಿಕಾರ, ತಿಂಗಳ ಸಂಬಳ.

ಭಾಷೆಯದ್ದು ಇನ್ನೊಂದು ಪಾಡು. ವಾಕ್ ಮತ್ತು ಶ್ರವಣ ಚಿಕಿತ್ಸೆಯಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ಆಯಿಷ್, 1965ರಿಂದ ದೊಡ್ಡ ಹೆಸರು. ನಮ್ಮ ಕಡೆಯ ಮಕ್ಕಳನ್ನೂ ಅಲ್ಲಿಗೇ ಕರೆದೊಯ್ಯುತ್ತಾರೆ. ಆದರೆ ಮಾಜಾಳಿಯ ಮೀನುಗಾರರ ಮಗು ಮನೆಯಲ್ಲಿ ಕೊಂಕಣಿ ಆಡುತ್ತದೆ, ಭಟ್ಕಳದಲ್ಲಿ ನವಾಯತಿ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡ, ಶಿರಸಿಯಲ್ಲಿ ಹವ್ಯಕ. ಕಾರವಾರದ ಒಂದು ಅಂಗನವಾಡಿಯಲ್ಲಿ ಟ್ರೇನಿ ಹುಡುಗಿಯೊಬ್ಬಳು ಚಿತ್ರದ ಕಾರ್ಡು ತೋರಿಸಿ ಹೆಸರು ಕೇಳುತ್ತಿದ್ದಳು. ಮಗು ಕೊಂಕಣಿಯಲ್ಲಿ ಸರಿಯಾಗಿಯೇ ಹೇಳುತ್ತಿತ್ತು. ಇವಳು ತಪ್ಪು ಹಾಕುತ್ತಾ ಹೋದಳು. ಕೊನೆಗೆ ಅಡುಗೆ ಸಹಾಯಕಿ ಸೌಟು ಹಿಡಿದುಕೊಂಡೇ ಬಂದು, "ಅಕ್ಕೋರೇ, ಅದು ಸರೀನೇ ಹೇಳ್ತಾ ಇದೆ" ಅಂದಳು. ಮಗುವಿಗೆ ಮಾತು ತಡವಾಗಿದೆ ಅಂತ ಕಾಗದ ಆಗುವುದರಲ್ಲಿತ್ತು.

ಎಂಡೋಸಲ್ಫಾನ್ ಬಗ್ಗೆ ಬರೆಯದೆ ಈ ಜಿಲ್ಲೆಯಲ್ಲಿ ಅಂಗವಿಕಲತೆಯ ಪಾಠ ಮುಗಿಯುವುದಿಲ್ಲ. ಗೇರು ತೋಟಗಳಿಗೆ ಆಕಾಶದಿಂದ ಸುರಿದ ಕೀಟನಾಶಕ ಅದು. ದಕ್ಷಿಣ ಕನ್ನಡ, ಉಡುಪಿಯ ಹಾಗೆ ಉತ್ತರ ಕನ್ನಡದಲ್ಲೂ ಸರ್ಕಾರ ಪೀಡಿತರನ್ನು ಗುರುತಿಸಿ ಮಾಸಾಶನ ಕೊಡುತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು. ಮಕ್ಕಳಾಗಿದ್ದವರು ಈಗ ದೊಡ್ಡವರಾಗಿದ್ದಾರೆ, ನೋಡಿಕೊಳ್ಳುವ ತಾಯಂದಿರು ಮುದುಕಿಯರಾಗಿದ್ದಾರೆ. ನನ್ನ ನಂತರ ಯಾರು ಅನ್ನುವುದೊಂದೇ ಅವರ ಪ್ರಶ್ನೆ. ವಿಷಶಾಸ್ತ್ರ, ಪರಿಹಾರದ ಕಾನೂನು, ಹಗಲು ಆರೈಕೆ ಕೇಂದ್ರ ನಡೆಸುವ ಬಗೆ, ಇಷ್ಟನ್ನೂ ಒಂದೇ ಪೇಪರಿನಲ್ಲಿ ಇಲ್ಲೇ ಓದಬಹುದು. ಬೇರೆ ದೇಶದ ಕೇಸ್ ಸ್ಟಡಿ ಹುಡುಕುವ ಅಗತ್ಯ ಇಲ್ಲ.

ಇನ್ನೊಂದು ಸಣ್ಣ ಮಾತು, ಆದರೆ ನನಗೆ ದೊಡ್ಡದು. ಕಾಲೇಜಿನ ಗ್ರಾಮೀಣ ಶಿಬಿರಗಳೆಲ್ಲ ಚಳಿಗಾಲದಲ್ಲೇ ನಡೆಯುತ್ತವೆ. ರಸ್ತೆ ಒಣಗಿರುತ್ತದೆ, ಹಳ್ಳದಲ್ಲಿ ನೀರು ಇಳಿದಿರುತ್ತದೆ, ಎಲ್ಲ ಮನೆಗೂ ಹೋಗಬಹುದು. ಹುಡುಗರು ಪರವಾಗಿಲ್ಲ ಅಂತ ಬರೆದುಕೊಂಡು ಬರುತ್ತಾರೆ. ಫೀಲ್ಡ್‌ವರ್ಕ್ ಇರಬೇಕಾದದ್ದು ಜುಲೈಯಲ್ಲಿ. ಗಾಲಿಕುರ್ಚಿ ಕೆಂಪು ಕೆಸರಿನಲ್ಲಿ ಹೂತು, ಮಗುವಿನ ಕಾಲಿಗೆ ಕಟ್ಟುವ ಕ್ಯಾಲಿಪರ್‌ನ ಚರ್ಮದ ಪಟ್ಟಿಗೆ ಬೂಷ್ಟು ಹಿಡಿದು, ಕರೆಂಟು ಹೋಗಿ ಏರ್ ಬೆಡ್ ಚಪ್ಪಟೆಯಾದಾಗ. ಸಮುದ್ರದ ಪಕ್ಕದ ಉಪ್ಪು ಗಾಳಿಗೆ ಬೇರಿಂಗ್ ತುಕ್ಕು ಹಿಡಿಯುವುದು ಬೇರೆ. ಮೊದಲ ಸೆಮಿಸ್ಟರ್‌ನಲ್ಲಿ ಸೈಕಲ್ ರಿಪೇರಿ ಅಂಗಡಿಯಲ್ಲಿ ಒಂದಿಷ್ಟು ದಿನ ಕೂರಿಸಬೇಕು ಅಂತ ನಾನು ಒಂದು ಸಭೆಯಲ್ಲಿ ಹೇಳಿದೆ. ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ಕಾರವಾರ ಇರುವುದು ಜಿಲ್ಲೆಯ ಒಂದು ಮೂಲೆಯಲ್ಲಿ. 10 ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ವಿಸ್ತಾರದ ಜಿಲ್ಲೆ, 12 ತಾಲ್ಲೂಕು, ಮಧ್ಯೆ ಘಟ್ಟ. 2016ರಿಂದ ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಅಲ್ಲೇ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಎಷ್ಟೋ ವರ್ಷಗಳಿಂದ ಇದೆ. ಮೀನು ಓದಬೇಕಾದರೆ ಸಮುದ್ರದ ಪಕ್ಕವೇ ಇರಬೇಕು ಅಂತ ಆಗಿನವರಿಗೆ ಗೊತ್ತಿತ್ತು. ಪುನರ್ವಸತಿಗೂ ಅದೇ ತರ್ಕ ಹಚ್ಚಬಹುದು. ಆದರೆ ಒಂದೇ ಕಟ್ಟಡ ಸಾಲದು. ಕಾರವಾರದಲ್ಲೊಂದು, ಘಟ್ಟದ ಮೇಲೆ ಶಿರಸಿಯಲ್ಲೊಂದು ಕೋಣೆ, ಉಳಿದದ್ದು ಜಗುಲಿಗಳಲ್ಲಿ.

ಕೊನೆಗೆ ಎಲ್ಲ ಅಪ್ಪ ಅಮ್ಮಂದಿರು ಕೇಳುವುದು: ಇದನ್ನು ಓದಿದರೆ ಕೆಲಸ ಸಿಗ್ತದಾ? ಸುಳ್ಳು ಹೇಳುವುದಿಲ್ಲ. ವಿಶೇಷ ಶಾಲೆ, ಸರ್ಕಾರೇತರ ಸಂಸ್ಥೆ, ಬ್ಲಾಕ್ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಕರ ಹುದ್ದೆ, ಮಕ್ಕಳ ತೊಂದರೆ ಬೇಗ ಗುರುತಿಸುವ ಆಸ್ಪತ್ರೆಯ ಶೀಘ್ರ ಚಿಕಿತ್ಸಾ ಘಟಕ, ಹೀಗೆ ಕೆಲಸ ಇವೆ. ಹೆಚ್ಚಿನವು ಗುತ್ತಿಗೆ. ಸಂಬಳ ಬ್ಯಾಂಕಿನವರ ಹತ್ತಿರ ಹೇಳಿಕೊಳ್ಳುವ ಹಾಗೆ ಇರುವುದಿಲ್ಲ. ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡಬೇಕಾದರೆ 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ, ನೋಂದಣಿ ಬೇಕು. ನೋಂದಣಿ ಇಲ್ಲದೆ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಂತ ಕಾಯ್ದೆಯಲ್ಲಿದೆ. ಫಿಸಿಯೋಥೆರಪಿ ಆ ಪರಿಷತ್ತಿನ ಕೆಳಗೆ ಬರುವುದಿಲ್ಲ, ಅದಕ್ಕೆ 2021ರಲ್ಲಿ ಬೇರೆ ಕಾಯ್ದೆ ಬಂದಿದೆ. ಎರಡನ್ನೂ ಬೆರೆಸಿ ಹೇಳುವ ಏಜೆಂಟರು ಸಿಗುತ್ತಾರೆ, ಹುಷಾರು. ಪೂರ್ತಿ ಡಿಗ್ರಿಗೆ ಮನಸ್ಸು ಗಟ್ಟಿಯಾಗಿಲ್ಲ ಅನ್ನುವವರಿಗೆ ಇದೇ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ಶುರು ಮಾಡಿದ ಆರು ತಿಂಗಳ ಸಿ.ಬಿ.ಐ.ಡಿ. ಕೋರ್ಸ್, ಅಂದರೆ ಸಮುದಾಯ ಆಧಾರಿತ ಒಳಗೊಳ್ಳುವ ಅಭಿವೃದ್ಧಿಯ ಕೋರ್ಸ್, ಇದೆ. ಆಶಾ, ಅಂಗನವಾಡಿಯವರ ಜೊತೆ ಊರಿನಲ್ಲೇ ಕೆಲಸ ಮಾಡುವವರನ್ನು ತಯಾರು ಮಾಡುವುದು ಅದರ ಉದ್ದೇಶ.

ಮೊನ್ನೆ ಹೊನ್ನಾವರದ ಕಡೆಯ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ಡಿಗ್ರಿ ಮುಗಿದಿದೆ, ತಮ್ಮನಿಗೆ ಸೆರೆಬ್ರಲ್ ಪಾಲ್ಸಿ, ಬಿ.ಎಡ್. ಮಾಡಲಾ ಇದನ್ನು ಮಾಡಲಾ ಅಂತ ಕೇಳಿದಳು. ಮೊದಲು ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಜೊತೆ ಮಳೆಗಾಲದಲ್ಲಿ ಒಂದಷ್ಟು ದಿನ ಮನೆ ಮನೆ ತಿರುಗು, ಆಮೇಲೂ ಬೇಕು ಅನಿಸಿದರೆ ಫಾರ್ಮ್ ತುಂಬು ಅಂದೆ. ಕಾಲೇಜಿನ ಹೆಸರು ಆರ್.ಸಿ.ಐ. ಪಟ್ಟಿಯಲ್ಲಿ ಆ ವರ್ಷಕ್ಕೆ ಇದೆಯಾ ಅಂತ ನೋಡದೆ ಫೀ ಮಾತ್ರ ಕಟ್ಟಬೇಡ ಅಂತಲೂ ಹೇಳಿದೆ.